ಬೆಸುಗೆಯ ಹೊಗೆ

2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾಯಿತು. ಎರಡು ದಿನ ಕಳೆದ ಮೇಲೆ ನಮ್ಮ ಚಿನ್ನದೊಡವೆ ಸಂಸ್ಥೆಯ ಯಜಮಾನರು ನನಗೆ ಫೋನ್ ಮಾಡಿದರು. "ನಮ್ಮ ಒಡವೆ ಮಾಡುವ ಹುಡುಗರು ಊಟಕ್ಕೆ ಏನು ಮಾಡುತ್ತಿದ್ದಾರೋ ಏನೋ. ಎಲ್ಲರಿಗೂ ರೇಷನ್ ಕಳುಹಿಸಮ್ಮ, ಖರ್ಚಿನ ಯೋಚನೆ ಬೇಡ" ಎಂದರು. ಅವರು ಮನಸ್ಸಿಟ್ಟು ಹೇಳಿದ ಮಾತು ಅದು. ನಾನು ಕೂಡಲೇ ಖರೀದಿ ವಿಭಾಗಕ್ಕೆ ಫೋನ್ ಮಾಡಿ ಪಟ್ಟಿ ಕೇಳಿದೆ. ಸಂಜೆಗೆ ಪಟ್ಟಿ ಬಂತು. ಅದರಲ್ಲಿ ಕೂಲಿಗೆ ಒಡವೆ ಮಾಡಿಕೊಡುವ ನಲವತ್ತಕ್ಕೂ ಹೆಚ್ಚು ಕಾರ್ಖಾನೆಗಳ ಹೆಸರಿತ್ತು, ಜಿಎಸ್‌ಟಿ ಸಂಖ್ಯೆಯಿತ್ತು, ಯಾರ ಬಳಿ ನಮ್ಮ ಚಿನ್ನ ಎಷ್ಟಿದೆ ಎಂಬ ಲೆಕ್ಕ ಮಿಲಿಗ್ರಾಂವರೆಗೆ ಇತ್ತು. ಆ ಕಾರ್ಖಾನೆಗಳಲ್ಲಿ ಕೂತು ಕೆಲಸ ಮಾಡುವ ಒಬ್ಬ ಮನುಷ್ಯನ ಹೆಸರೂ ಇರಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹದಿನೈದು ದಿನ ಫೋನಿನಲ್ಲೇ ಕಳೆಯಿತು. ಒಬ್ಬ ಮೇಸ್ತ್ರಿಯಿಂದ ಇನ್ನೊಬ್ಬರ ನಂಬರು, ಅವರಿಂದ ಮತ್ತೊಬ್ಬರದು. ಬೆಂಗಳೂರಿನ ನಗರ್ತಪೇಟೆಯ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ಒಂದೇ ಕೋಣೆಯಲ್ಲಿ ಮಲಗಿ, ಅಲ್ಲೇ ಅಡುಗೆ ಮಾಡಿಕೊಂಡು, ಅಲ್ಲೇ ಕೆಲಸ ಮಾಡುವವರಿದ್ದರು. ಹೆಚ್ಚಿನವರು ಪಶ್ಚಿಮ ಬಂಗಾಳದ ಮೇದಿನಿಪುರ, ಹೂಗ್ಲಿ, ಹೌರಾ ಕಡೆಯವರು. ನಮ್ಮ ಅಂಗಡಿಗಳ ಕಿಟಕಿಯಲ್ಲಿ ಮಿನುಗುವ ಜುಮುಕಿ, ಕಾಸಿನ ಸರ, ಲಕ್ಷ್ಮೀಹಾರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವರ ಕೈಯಲ್ಲೇ ಮೂಡಿದ್ದು. ಮೇ ತಿಂಗಳಲ್ಲಿ ಶ್ರಮಿಕ ರೈಲುಗಳು ಶುರುವಾದ ಮೇಲೆ ಅವರಲ್ಲಿ ಬಹಳ ಮಂದಿ ಊರಿಗೆ ಹೊರಟುಹೋದರು. ಅಷ್ಟು ಹೊತ್ತಿಗೆ ನನ್ನ ನೋಟ್‌ಬುಕ್ಕಿನಲ್ಲಿ 312 ಹೆಸರುಗಳಿದ್ದವು. ಸಾಮಾಜಿಕ ಹೊಣೆಗಾರಿಕೆಯ ಹೆಸರಿನಲ್ಲಿ ನಾನು ಮಾಡಿದ ಮೊದಲ ನಿಜವಾದ ಕೆಲಸ ಆ ಪಟ್ಟಿ.

ನಾನು ಓದಿದ್ದು ರಸಾಯನಶಾಸ್ತ್ರ. 2011ರಲ್ಲಿ ಈ ಸಂಸ್ಥೆಗೆ ಸೇರಿದ್ದು ಶುದ್ಧತೆ ಪರೀಕ್ಷಿಸುವ ಪ್ರಯೋಗಾಲಯಕ್ಕೆ. ಕುಟುಂಬವೊಂದು ನಡೆಸುವ ಸಂಸ್ಥೆ ಇದು. ಒಂದು ಅಂಗಡಿಯಿಂದ ಶುರುವಾಗಿ ರಾಜ್ಯದ ಹಲವು ಊರುಗಳಿಗೆ ಹಬ್ಬಿದೆ. ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ನಿವ್ವಳ ಮೌಲ್ಯ 500 ಕೋಟಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ರೂಪಾಯಿ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ಒಡವೆ ವ್ಯಾಪಾರದಲ್ಲಿ ಲಾಭ ತೆಳು, ವಹಿವಾಟು ದಪ್ಪ. ಚಿನ್ನದ ದರ ಏರಿದರೆ ಸಾಕು, ವಹಿವಾಟು ತಾನಾಗಿ ಉಬ್ಬುತ್ತದೆ. ಹೀಗಾಗಿ ನಾವೂ ಆ ಕಾಯ್ದೆಯೊಳಗೆ ಬಂದೆವು, ಆ ಕೆಲಸವೂ ನನ್ನ ಪಾಲಿಗೆ ಬಂತು. ಶಾಲೆಗಳಿಗೆ ಬ್ಯಾಗು, ಆಸ್ಪತ್ರೆಗೆ ಗಾಲಿಕುರ್ಚಿ, ಕಣ್ಣಿನ ಶಿಬಿರ, ಸಸಿ ನೆಡುವುದು ಹೀಗೆ ವರ್ಷಗಳು ಸಾಗಿದವು. ಇವುಗಳಲ್ಲಿ ಯಾವುದೂ ಕೆಟ್ಟದ್ದಲ್ಲ. ಆದರೆ ನಮ್ಮ ಅಂಗಡಿ ಜೋಳದ ಅಂಗಡಿಯಾಗಿದ್ದರೂ ಅದನ್ನೇ ಮಾಡುತ್ತಿದ್ದೆವು. ಚಿನ್ನದ ವ್ಯಾಪಾರಿಗಳಾಗಿ ನಾವು ಯಾರಿಗೆ ಋಣಿ ಎಂಬ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಆ ಪ್ರಶ್ನೆ ನನಗೆ ಬಂದದ್ದು ಒಂದು ಜೊತೆ ಜುಮುಕಿಯಿಂದ. 2021ರ ಜೂನ್ 16ರಿಂದ ಹಾಲ್‌ಮಾರ್ಕ್ ಕಡ್ಡಾಯವಾಯಿತು. ಮೊದಲು 256 ಜಿಲ್ಲೆಗಳಲ್ಲಿ ಜಾರಿಯಾದ ನಿಯಮ ಅದು. ಪ್ರತಿ ಒಡವೆಗೂ ಆರು ಅಕ್ಷರ–ಅಂಕಿಗಳ ಗುರುತು ಸಂಖ್ಯೆ ಬೀಳತೊಡಗಿತು. ಹೊರಗಿನ ಕೇಂದ್ರಕ್ಕೆ ಕಳುಹಿಸುವ ಮುನ್ನ ಸರಕನ್ನು ನಮ್ಮಲ್ಲೇ, ಒಡವೆಯಲ್ಲಿರುವ ಲೋಹಗಳನ್ನು ಪರದೆಯ ಮೇಲೆ ಗೆರೆಗಳಾಗಿ ತೋರಿಸುವ ಕ್ಷ-ಕಿರಣ ಯಂತ್ರದಲ್ಲಿ ನೋಡುವ ಕೆಲಸ ಹೆಚ್ಚಾಯಿತು. ಸಾಮಾನ್ಯವಾಗಿ ಒಡವೆಯ ಮೈಯನ್ನು ನೋಡುತ್ತೇವೆ, ಬೆಸುಗೆಯನ್ನಲ್ಲ. ಆ ದಿನ ಜುಮುಕಿಯ ಗಂಟೆಯೂ ಅದರ ಕೊಕ್ಕೆಯೂ ಸೇರುವ ಜಾಗಕ್ಕೆ ಕಿರಣ ಬಿತ್ತು. ಪರದೆಯ ಮೇಲೆ ಬೆಳ್ಳಿಯ ಗೆರೆ ಎದ್ದು ನಿಂತಿತ್ತು, ಅದರ ಬಲಕ್ಕೆ ಅಂಟಿಕೊಂಡಂತೆ ಇನ್ನೊಂದು ಸಣ್ಣ ಗೆರೆ. ಬೆಳ್ಳಿಗೂ ಈ ಲೋಹಕ್ಕೂ ಪರಮಾಣು ಸಂಖ್ಯೆಯಲ್ಲಿ ಒಂದೇ ಅಂತರ, 47 ಮತ್ತು 48. ಬೆಳ್ಳಿಯ ನೆರಳಲ್ಲಿ ಕಣ್ಣು ತಪ್ಪುವುದು ಸುಲಭ. ನಾನು ಮೂರು ಬಾರಿ ಜಾಗ ಬದಲಿಸಿ ನೋಡಿದೆ. ಕ್ಯಾಡ್ಮಿಯಂ.

ಇಂದಿಗೂ ಅಂಗಡಿಗೆ ಬಂದು "ಕೆಡಿಎಂ ಚಿನ್ನ ಕೊಡಿ" ಎಂದು ಕೇಳುವ ಹಿರಿಯರಿದ್ದಾರೆ. ಕೆಡಿಎಂ ಎಂದರೆ ಶುದ್ಧತೆ ಎಂದು ಅವರ ನಂಬಿಕೆ. ಅದಕ್ಕೊಂದು ಕಾರಣವೂ ಇದೆ. ಹಿಂದೆ ಚಿನ್ನಕ್ಕೆ ಧಾರಾಳವಾಗಿ ತಾಮ್ರ ಬೆರೆಸಿದ ಬೆಸುಗೆ ಹಾಕುತ್ತಿದ್ದರು. ಒಡವೆ ಮುರಿಸಿ ಕರಗಿಸಿದಾಗ ಆ ತಾಮ್ರವೆಲ್ಲ ಸೇರಿ ಚಿನ್ನದ ಶುದ್ಧತೆ ಇಳಿಯುತ್ತಿತ್ತು. ಅದರ ಬದಲು 92 ಪಾಲು ಚಿನ್ನಕ್ಕೆ 8 ಪಾಲು ಕ್ಯಾಡ್ಮಿಯಂ ಸೇರಿಸಿದ ಬೆಸುಗೆ ಬಂತು. ಕೆಡಿಎಂ ಎಂಬ ಹೆಸರು ಈ ಕ್ಯಾಡ್ಮಿಯಂನದೇ. ಅದು ಬೇಗ ಕರಗುತ್ತದೆ, ನೀರಿನಂತೆ ಹರಿಯುತ್ತದೆ, ಶುದ್ಧತೆ ಇಳಿಯುವುದಿಲ್ಲ. ಶುದ್ಧತೆ ಇಳಿಯದಿರುವುದಕ್ಕೆ ಒಂದು ಕಾರಣವೆಂದರೆ ಕ್ಯಾಡ್ಮಿಯಂನ ಒಂದಷ್ಟು ಪಾಲು ಒಡವೆಯಲ್ಲಿ ಉಳಿಯುವುದೇ ಇಲ್ಲ. ಚಿನ್ನ ಕರಗುವುದು 1,064 ಡಿಗ್ರಿಯಲ್ಲಿ. ಕ್ಯಾಡ್ಮಿಯಂ 321 ಡಿಗ್ರಿಗೇ ಕರಗಿ 767 ಡಿಗ್ರಿಗೆ ಕುದಿದು ಹೊಗೆಯಾಗಿ ಏಳುತ್ತದೆ. ಆ ಹೊಗೆ ಏಳುವುದು ಅಕ್ಕಸಾಲಿಯ ಮೂಗಿನಿಂದ ಒಂದು ಗೇಣು ದೂರದಲ್ಲಿ. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ, ಮೂತ್ರಪಿಂಡದಲ್ಲಿ ವರ್ಷಗಟ್ಟಲೆ ಕೂರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿಟ್ಟಿದೆ. ನಮ್ಮ ಖರೀದಿ ಕರಾರಿನಲ್ಲಿ ಕ್ಯಾಡ್ಮಿಯಂ ಬಳಸಕೂಡದು ಎಂಬ ಸಾಲು ಮೊದಲಿನಿಂದಲೂ ಇತ್ತು. ಕಾಗದದ ಮೇಲೆ ಇತ್ತು.

ಮರುದಿನ ಬೆಳಿಗ್ಗೆ ಆ ಜುಮುಕಿ ಬಂದ ಕಾರ್ಖಾನೆಗೆ ಹೋದೆ. ಒಬ್ಬರು ಮಾತ್ರ ಹತ್ತಬಹುದಾದ ಮೆಟ್ಟಿಲು. ಬಾಗಿಲು ತೆರೆದಾಗ ಮುಖಕ್ಕೆ ಬಡಿದದ್ದು ಶಾಖ. ನೆಲದಿಂದ ಒಂದು ಮೊಳ ಎತ್ತರದ ಮರದ ಪೀಠಗಳು, ಅವುಗಳ ಸುತ್ತ ಕಾಲು ಮಡಿಸಿ ಕೂತ ಹುಡುಗರು, ಪ್ರತಿಯೊಬ್ಬರ ಮುಂದೆ ಚಿಮಟ, ಅರ, ಬೆಸುಗೆ ಹರಿಯಲು ಹಚ್ಚುವ ಬಿಳಿಗಾರ ತೇಯ್ದ ಸಣ್ಣ ಬಟ್ಟಲು. ಬಾಯಲ್ಲಿ ಊದುಕೊಳವೆ ಹಿಡಿದ ಒಬ್ಬ ಹುಡುಗ ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು, ಮೂಗಿನಿಂದ ಉಸಿರೆಳೆದುಕೊಳ್ಳುತ್ತ, ಒಂದೇ ಸಮನೆ ಜ್ವಾಲೆ ಊದುತ್ತಿದ್ದ. ಅಕ್ಕಿಕಾಳಿಗಿಂತ ಸಣ್ಣ ಬೆಸುಗೆ ತುಣುಕು ಮಿಂಚಿ ಬಿರುಕಿನೊಳಗೆ ಹರಿದುಹೋಯಿತು. ತೆಳ್ಳಗೆ ಒಂದೆಳೆ ಹೊಗೆ ಎದ್ದಿತು. ಅವನು ಆ ಹೊಗೆಯನ್ನೇ ಉಸಿರಾಡಿ ಮುಂದಿನ ಜುಮುಕಿ ಎತ್ತಿಕೊಂಡ. ಎರಡು ಕಿಟಕಿಗಳಿದ್ದವು, ಎರಡಕ್ಕೂ ಹಲಗೆ ಬಡಿದು ಮುಚ್ಚಿದ್ದರು. ಫ್ಯಾನು ನಿಂತಿತ್ತು.

ಮೇಸ್ತ್ರಿಯನ್ನು ಎಲ್ಲರೂ ದಾದಾ ಎನ್ನುತ್ತಿದ್ದರು. "ಕಿಟಕಿ ಯಾಕೆ ಮುಚ್ಚಿದ್ದೀರಿ ದಾದಾ?" ಎಂದೆ. ಅವರು ನನ್ನನ್ನು ಮಗುವನ್ನು ನೋಡುವಂತೆ ನೋಡಿ, "ಗಾಳಿ ಬಂದರೆ ಬೆಂಕಿ ಓಲಾಡುತ್ತದೆ ದೀದಿ, ಚಿನ್ನ ಹಾರುತ್ತದೆ" ಎಂದರು. ಅರ ಹಾಕುವಾಗ ಏಳುವ ಧೂಳು, ಪಾಲಿಷ್ ಮಾಡುವಾಗ ಬೀಳುವ ಪುಡಿ, ಎಲ್ಲವೂ ಚಿನ್ನ. ಕೈ ತೊಳೆದ ನೀರನ್ನೂ ಅವರು ಚೆಲ್ಲುವುದಿಲ್ಲ. ಡ್ರಮ್ಮಿನಲ್ಲಿ ತಂಗಲು ಬಿಟ್ಟು ತಳದ ಕೆಸರನ್ನು ಕೂಡಿಡುತ್ತಾರೆ. ನೆಲ ಗುಡಿಸಿದ ಕಸವನ್ನು ತೂಕಕ್ಕೆ ಕೊಳ್ಳುವವರಿದ್ದಾರೆ. ಕನ್ನಡದಲ್ಲಿ ಇದಕ್ಕೊಂದು ಹಳೆಯ ಮಾತಿದೆ, ಜಾಲಗಾರ. ಮಣ್ಣು, ಬೂದಿ, ಕಸ ಜಾಲಿಸಿ ಚಿನ್ನದ ಕಣ ಹೆಕ್ಕುವವನು. ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ಜಾಲಿಸುತ್ತಿದ್ದ ಜಾಲಗಾರರ ವಿಷಯವನ್ನು ಹತ್ತೊಂಬತ್ತನೇ ಶತಮಾನದ ಭೂವಿಜ್ಞಾನಿಗಳು ಬರೆದಿಟ್ಟಿದ್ದಾರೆ. ಕೋಣೆಗೆ ಗಾಳಿ ಇಲ್ಲದ್ದು ದಾದಾ ಕಲ್ಲೆದೆಯವರು ಎಂಬ ಕಾರಣಕ್ಕಲ್ಲ. ನಾವು ಅವರಿಗೆ ಕೊಡುವ ಸವಕಳಿಯ ಮಿತಿ ಅಷ್ಟು ಬಿಗಿಯಾಗಿತ್ತು. ನೂರು ಗ್ರಾಂ ಒಯ್ದವರು ಎಷ್ಟು ಕಡಿಮೆ ತಂದರೆ ಒಪ್ಪುತ್ತೇವೆ ಎಂಬ ಅಂಕಿಯನ್ನು ಬೆಂಗಳೂರಿನ ಹವಾನಿಯಂತ್ರಿತ ಕೋಣೆಯಲ್ಲಿ ಕೂತು ನಾವೇ ಬರೆದಿದ್ದೆವು. ಆ ಅಂಕಿ ಕಿಟಕಿಗೆ ಹಲಗೆ ಬಡಿದಿತ್ತು.

ಅಂದೇ ಸಂಜೆ ಕಚೇರಿಗೆ ಬಂದು ಹಣ ಎಲ್ಲಿಂದ ತರುವುದು ಎಂದು ಕೂತೆ. ನಮ್ಮ ಲೆಕ್ಕಪರಿಶೋಧಕರು ಸುಲಭದ ದಾರಿ ತೋರಿಸಿದರು. "ಅವರು ನಿಮ್ಮ ನೌಕರರಲ್ಲವಲ್ಲ, ಸಾಮಾಜಿಕ ಹೊಣೆಗಾರಿಕೆಯ ನಿಧಿಯಿಂದಲೇ ಗಾಳಿಯಂತ್ರ ಹಾಕಿಸಿ" ಎಂದರು. ನನಗದು ಒಪ್ಪಿಗೆಯಾಗಲಿಲ್ಲ. ವ್ಯಾಪಾರದ ಸಹಜ ಭಾಗವಾಗಿ ಮಾಡುವ ಕೆಲಸವನ್ನು ಆ ನಿಧಿಯಲ್ಲಿ ತೋರಿಸುವಂತಿಲ್ಲ ಎಂದು ನಿಯಮವೇ ಹೇಳುತ್ತದೆ. ನಿಯಮ ಹಾಗೆ ಹೇಳದಿದ್ದರೂ ನನ್ನ ಮನಸ್ಸು ಒಪ್ಪುತ್ತಿರಲಿಲ್ಲ. ನಮ್ಮ ಒಡವೆ ಮಾಡುವವನಿಗೆ ಉಸಿರಾಡಲು ಗಾಳಿ ಕೊಡುವುದು ದಾನವಲ್ಲ, ಒಡವೆಯ ಅಸಲು ಬೆಲೆ. ಅದು ಖರೀದಿ ಲೆಕ್ಕದಲ್ಲೇ ಬರಬೇಕು. ಯಜಮಾನರ ಮುಂದೆ ಜುಮುಕಿಯನ್ನೂ ಯಂತ್ರದಿಂದ ತೆಗೆದ ಹಾಳೆಯನ್ನೂ ಇಟ್ಟು ಇದನ್ನೇ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಮ್ಮ ತಂದೆ ಪೀಠದ ಮೇಲೆ ಕೂತು ಕೆಲಸ ಮಾಡಿದವರು. ಕೊನೆಗೆ ಅವರಿಗೂ ಕೆಮ್ಮೇ ಕೆಮ್ಮು" ಎಂದರು. ಕಡತಕ್ಕೆ ಸಹಿ ಬಿತ್ತು.

ಸಹಿ ಬಿದ್ದ ಮಾತ್ರಕ್ಕೆ ಬೆಸುಗೆ ಬದಲಾಗಲಿಲ್ಲ. ಕ್ಯಾಡ್ಮಿಯಂ ಇಲ್ಲದ, ಸತು ಮತ್ತು ಇಂಡಿಯಂ ಸೇರಿದ ಬೆಸುಗೆ ಮಾರುಕಟ್ಟೆಯಲ್ಲಿತ್ತು. ತಂದು ಕೊಟ್ಟೆವು. ಮೊದಲ ತಿಂಗಳು ದೂರುಗಳ ಸುರಿಮಳೆ. ಹರಿಯುವುದಿಲ್ಲ, ಶಾಖ ಹೆಚ್ಚು ಬೇಕು, ತೆಳು ತಗಡಿನ ಗಂಟೆ ಕರಗಿಹೋಗುತ್ತದೆ, ಕೊಂಡಿ ಬಿಡುತ್ತದೆ. ಅಂಗಡಿಗಳಿಂದ ಸರಕು ವಾಪಸ್ ಬರತೊಡಗಿತು. ನನ್ನ ರಸಾಯನಶಾಸ್ತ್ರ ಆ ಪೀಠದ ಮುಂದೆ ಕೆಲಸಕ್ಕೆ ಬರಲಿಲ್ಲ. ದಾರಿ ತೋರಿದವರು ದಾದಾ ಕಾರ್ಖಾನೆಯ ಒಬ್ಬ ಹಳೆಯ ಕಾರಿಗರ್. ಬಿಳಿಗಾರವನ್ನು ಇನ್ನೂ ನುಣ್ಣಗೆ ತೇಯ್ದು, ಕೊಂಡಿಯನ್ನು ಮೊದಲು ಒಟ್ಟಾಗಿ ಬಿಸಿಮಾಡಿ, ಬೆಸುಗೆಯನ್ನು ಕೊನೆಯಲ್ಲಿ ತಾಗಿಸಬೇಕು ಎಂದು ಅವರೇ ಕಂಡುಕೊಂಡರು. ಅವರಿಗೆ ದಿನಗೂಲಿ ಕೊಟ್ಟು ಉಳಿದ ಕಾರ್ಖಾನೆಗಳಿಗೆ ಕಲಿಸಲು ಕಳುಹಿಸಿದೆವು. ಆದರೂ ಹತ್ತು ಜುಮುಕಿ ಆಗುವ ಹೊತ್ತಿನಲ್ಲಿ ಎಂಟೇ ಆಗುತ್ತಿದ್ದವು. ಕಾರಿಗರ್‌ಗೆ ಕೂಲಿ ಗ್ರಾಂ ಲೆಕ್ಕದಲ್ಲಿ. ಎರಡು ಜುಮುಕಿ ಕಡಿಮೆಯಾದರೆ ಊರಿಗೆ ಹೋಗುವ ಮನಿಯಾರ್ಡರ್ ಅಷ್ಟು ಕಡಿಮೆ. ಯಾವ ಮನುಷ್ಯ ತಾನೇ ಹತ್ತು ವರ್ಷದ ಮೇಲೆ ಬರಬಹುದಾದ ಕಾಯಿಲೆಗೆ ಹೆದರಿ ಈ ತಿಂಗಳ ಕೂಲಿ ಬಿಟ್ಟುಕೊಡುತ್ತಾನೆ? ಬೆಸುಗೆ ಹೆಚ್ಚಿರುವ ಮಾದರಿಗಳಿಗೆ ಮಜೂರಿ ದರ ಏರಿಸಿದ ತಿಂಗಳಿಂದ ಕ್ಯಾಡ್ಮಿಯಂ ಇಳಿಯತೊಡಗಿತು. ಎಚ್ಚರಿಕೆಯ ಭಿತ್ತಿಪತ್ರ, ತರಬೇತಿ, ಕರಾರಿನ ಸಾಲು ಎಲ್ಲ ಸೇರಿ ಮಾಡದ ಕೆಲಸವನ್ನು ಆ ದರ ಮಾಡಿತು.

ಗಾಳಿಯದು ಇನ್ನೊಂದು ಕತೆ. ಪ್ರತಿ ಪೀಠದ ಮುಂದೆ ಬಾಯಿ ತೆರೆದ ಕೊಳವೆ, ಎಲ್ಲ ಸೇರಿ ಒಂದು ಹೀರುವ ಯಂತ್ರ, ಹೊರಗೆ ಬಿಡುವ ಮುನ್ನ ಎರಡು ಹಂತದ ಶೋಧಕ ಚೀಲ. ಜ್ವಾಲೆ ಅಲುಗದಷ್ಟು ಮೆಲ್ಲಗೆ, ಹೊಗೆ ಮೂಗಿಗೆ ತಾಗದಷ್ಟು ಜೋರಾಗಿ ಎಳೆಯಬೇಕು. ಆ ಹದ ಸಿಗಲು ನಾಲ್ಕು ತಿಂಗಳು ಬೇಕಾಯಿತು. 2022ರಲ್ಲಿ ದಾದಾ ಕಾರ್ಖಾನೆಯಲ್ಲೇ ಮೊದಲನೆಯದನ್ನು ಹಾಕಿದೆವು. ಅವರು ಮೂರು ತಿಂಗಳು ನನ್ನನ್ನು ಕಂಡಾಗಲೆಲ್ಲ "ನನ್ನ ಚಿನ್ನ ಆ ಚೀಲಕ್ಕೆ ಹೋಗುತ್ತಿದೆ" ಎನ್ನುತ್ತಿದ್ದರು. ಮೂರು ತಿಂಗಳ ಮೇಲೆ ಚೀಲ ಬಿಚ್ಚಿ, ಅವರ ಕಣ್ಣೆದುರೇ ಸುಟ್ಟು, ಬೂದಿಯನ್ನು ಮೂಸೆಗೆ ಹಾಕಿ ಕರಗಿಸಿದೆವು. ತಳದಲ್ಲಿ ಬಟಾಣಿಯಷ್ಟು ಗುಂಡು ನಿಂತಿತು. ತೂಗಿದರೆ ಹತ್ತು ಗ್ರಾಂಗೆ ಸ್ವಲ್ಪ ಕಡಿಮೆ. ದಾದಾ ಅದನ್ನು ಅಂಗೈಯಲ್ಲಿಟ್ಟುಕೊಂಡು ಸುಮ್ಮನೆ ನಿಂತರು. ಇಷ್ಟು ದಿನ ಇದು ಎಲ್ಲಿತ್ತು ಎಂದು ನಾನು ಬಿಡಿಸಿ ಹೇಳಬೇಕಾಗಿರಲಿಲ್ಲ. ಒಂದಷ್ಟು ಪಾಲು ಆ ಹುಡುಗರ ಎದೆಯೊಳಗೇ ಹೋಗಿತ್ತು.

ಆ ಗುಂಡು ಯಾರದು ಎಂಬ ಜಗಳ ಕೂಡಲೇ ಶುರುವಾಯಿತು. ನಮ್ಮ ಖರೀದಿ ವಿಭಾಗ, ಚಿನ್ನ ನಮ್ಮದು, ಯಂತ್ರವೂ ನಮ್ಮದು, ಸವಕಳಿಯಲ್ಲಿ ಕಳೆಯಬೇಕು ಎಂದಿತು. ನಾನು ಹಟ ಹಿಡಿದೆ. ಚೀಲದಲ್ಲಿ ಸಿಕ್ಕಿದ್ದು ಕಾರ್ಖಾನೆಗೇ ಸೇರಬೇಕು, ಅದರಲ್ಲಿ ಅರ್ಧ ಪೀಠದ ಮೇಲೆ ಕೂತವರಿಗೆ ಹಂಚಿಕೆಯಾಗಬೇಕು ಎಂಬುದು ನನ್ನ ಹಟ. ಎರಡು ವಾರ ವಾದ ನಡೆದು ಹಾಗೇ ತೀರ್ಮಾನವಾಯಿತು. ಮುಂದಿನ ಆರು ತಿಂಗಳಲ್ಲಿ ಹನ್ನೊಂದು ಕಾರ್ಖಾನೆಗಳು ತಾವಾಗಿಯೇ ಯಂತ್ರ ಕೇಳಿಕೊಂಡು ಬಂದವು.

ಇನ್ನೊಂದು ಸಂಗತಿ ನನ್ನ ಕಣ್ಣಿಗೆ ಬೀಳಲು ಎರಡು ವರ್ಷ ಹಿಡಿಯಿತು. ಒಂದು ಸಂಜೆ ಭೇಟಿಯ ಟಿಪ್ಪಣಿಗಳನ್ನು ಒಟ್ಟಿಗೆ ಹರಡಿಕೊಂಡು ಕೂತಿದ್ದೆ. ಈ ಕಾರ್ಖಾನೆಯಲ್ಲಿ ಒಂಬತ್ತು ಮಂದಿ, ಅದರ ಪಕ್ಕದ್ದರಲ್ಲಿ ಒಂಬತ್ತು, ಮೇಲಿನ ಮಹಡಿಯಲ್ಲಿ ಎಂಟು, ಅದರಾಚೆ ಮತ್ತೆ ಒಂಬತ್ತು. ಹತ್ತು ಎಲ್ಲೂ ಇಲ್ಲ. ಆಗಿನ ನಿಯಮದಂತೆ ಹತ್ತು ಜನರಾದರೆ ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆಯ ನೋಂದಣಿ ಕಡ್ಡಾಯ. ಒಬ್ಬನೇ ಮಾಲೀಕ ಅಣ್ಣನ ಹೆಸರು, ಹೆಂಡತಿಯ ಹೆಸರು, ಭಾವಮೈದುನನ ಹೆಸರಿನಲ್ಲಿ ಕೋಣೆಗಳನ್ನು ಹಂಚಿಟ್ಟಿದ್ದ. ಕೇಳಿದಾಗ ಅವನು ಮುಚ್ಚಿಡಲಿಲ್ಲ. "ಹತ್ತಾದರೆ ಖರ್ಚು ಬರುತ್ತದೆ ಮೇಡಂ. ನೀವು ಕೊಡುವ ಮಜೂರಿಯಲ್ಲಿ ಆ ಖರ್ಚಿಗೆ ಜಾಗ ಎಲ್ಲಿದೆ?" ಎಂದ. ಅವನ ಲೆಕ್ಕ ಸರಿಯಾಗಿತ್ತು. ಇಎಸ್‌ಐಗೆ ಮಾಲೀಕನ ಪಾಲು ಸಂಬಳದ ಶೇಕಡಾ 3.25, ಕೆಲಸಗಾರನದು 0.75. ಮಾಲೀಕನ ಆ ಪಾಲನ್ನು ನಾವು ಮಜೂರಿಯ ಮೇಲೆ ಪ್ರತ್ಯೇಕ ಸಾಲಾಗಿ ಕೊಡುತ್ತೇವೆ, ಚಲನ್ ತೋರಿಸಿದರೆ ಮಾತ್ರ ಎಂದೆವು. ಸಂಬಳ ಬ್ಯಾಂಕಿಗೇ ಹೋಗಬೇಕು ಎಂದೆವು. ತಿಂಗಳಿಗೆ 21,000 ರೂಪಾಯಿ ಮೀರಿ ದುಡಿಯುವ ನುರಿತ ಕೈಗಳು ಇಎಸ್‌ಐ ಮಿತಿಯ ಹೊರಗೆ ಉಳಿಯುತ್ತಿದ್ದರು. ಅವರಿಗೆ ಗುಂಪು ವಿಮೆ ಮಾಡಿಸಿದೆವು. ಆರು ಕಾರ್ಖಾನೆಗಳು ನಮ್ಮ ಕೆಲಸವನ್ನೇ ಬಿಟ್ಟು ಹೋದವು. ಅಲ್ಲಿದ್ದ ಹುಡುಗರು ಈಗ ಯಾರ ಒಡವೆ ಮಾಡುತ್ತಿದ್ದಾರೋ, ಯಾವ ಹೊಗೆ ಕುಡಿಯುತ್ತಿದ್ದಾರೋ ತಿಳಿಯದು. ನನ್ನ ಪಟ್ಟಿಯಿಂದ ಆ ಹೆಸರುಗಳನ್ನು ಹೊಡೆದುಹಾಕುವಾಗ ಕೈ ಭಾರವಾಗಿತ್ತು. ಕಟ್ಟುನಿಟ್ಟು ಮಾಡಿದರೆ ಒಳ್ಳೆಯದೇ ಆಗುತ್ತದೆ ಎಂಬ ನನ್ನ ನಂಬಿಕೆ ಅಲ್ಲಿ ಸ್ವಲ್ಪ ಅಲುಗಿದೆ.

ಊರುಗಳ ಹಳೆಯ ಅಕ್ಕಸಾಲಿಗಳ ಪಾಡು ಬೇರೆ. ಸಾಗರದಲ್ಲಿ ಒಬ್ಬ ಹಿರಿಯರನ್ನು ಭೇಟಿಯಾಗಿದ್ದೆ. ಒಂದು ಕಾಲಕ್ಕೆ ಊರಿನ ಅರ್ಧ ಮದುವೆಗಳ ತಾಳಿ ಅವರ ಕೈಯದು. ನಮ್ಮಂಥ ದೊಡ್ಡ ಅಂಗಡಿಗಳು ಬಂದ ಮೇಲೆ ಅವರಿಗೆ ಉಳಿದದ್ದು ಮಕ್ಕಳ ಕಿವಿ ಚುಚ್ಚುವುದು, ತುಂಡಾದ ಸರಕ್ಕೆ ಕೊಂಡಿ ಹಾಕುವುದು ಅಷ್ಟೇ. 2023ರ ಸೆಪ್ಟೆಂಬರ್ 17ರಂದು ಪಿಎಂ ವಿಶ್ವಕರ್ಮ ಯೋಜನೆ ಬಂದಾಗ ಅದರ 18 ಕಸುಬುಗಳಲ್ಲಿ ಅಕ್ಕಸಾಲಿ ಕೆಲಸವೂ ಇತ್ತು. ಸಲಕರಣೆಗೆ 15,000 ರೂಪಾಯಿ, ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ಸಾಲ. ನಮ್ಮ ಅಂಗಡಿಗಳ ಹುಡುಗರನ್ನು ಕೂರಿಸಿ ಇಂಥವರ ಅರ್ಜಿ ತುಂಬಿಸಿದೆವು. ಒಡವೆ ರಿಪೇರಿಯನ್ನು ಬೆಂಗಳೂರಿಗೆ ಕಳುಹಿಸದೆ ಆಯಾ ಊರಿನ ಅಕ್ಕಸಾಲಿಗೇ ಕೊಡುವ ವ್ಯವಸ್ಥೆ ಮಾಡಿದೆವು. ಆ ಹಿರಿಯರ ಅಗ್ಗಿಷ್ಟಿಕೆ ಈಗ ದಿನವೂ ಹೊತ್ತುತ್ತಿದೆ. ಅವರ ಪಾಲು ಕಸಿದವರಲ್ಲಿ ನಾವೂ ಒಬ್ಬರು ಎಂಬುದು ಇದರಿಂದ ಅಳಿಯುವುದಿಲ್ಲ.

ವಿದ್ಯುತ್ತಿನ ವಿಷಯ ಬೇಗ ಹೇಳಿಬಿಡುತ್ತೇನೆ, ಏಕೆಂದರೆ ಅದು ಸುಲಭವಾಗಿತ್ತು. ಒಡವೆ ಅಂಗಡಿ ಎಂದರೆ ದೀಪಗಳ ಅಂಗಡಿ. ಹ್ಯಾಲೊಜೆನ್ ದೀಪ ತೆಗೆದು ಎಲ್‌ಇಡಿ ಹಾಕಿದೆವು. ದೀಪದ ಶಾಖ ಇಳಿದದ್ದರಿಂದ ಹವಾನಿಯಂತ್ರಕದ ಹೊರೆಯೂ ಇಳಿಯಿತು. ಸ್ವಂತ ಕಟ್ಟಡಗಳ ಮೇಲೆ ಸೌರಫಲಕ ಬಂತು. ವಾರ್ಷಿಕ ವರದಿಯಲ್ಲಿ ಇದರ ಚಿತ್ರ ಚೆನ್ನಾಗಿ ಕಾಣುತ್ತದೆ. ಆದರೆ ಒಂದು ಕಿಲೋ ಗಣಿ ಚಿನ್ನದ ಹಿಂದೆ ಹತ್ತಾರು ಟನ್ ಇಂಗಾಲದ ಹೊಗೆ ಇರುತ್ತದೆ. ಅದರ ಮುಂದೆ ನಮ್ಮ ಅಂಗಡಿಯ ದೀಪಗಳು ಮಿಣುಕುಹುಳು. ಲೆಕ್ಕ ಮಾಡಬೇಕಾದದ್ದು ಚಿನ್ನದ್ದೇ.

ಚಿನ್ನದ ತವರು ಹುಡುಕಲು ಹೊರಟಾಗ ಅದು ಎಷ್ಟು ಬೇಗ ಜಾಡು ತಪ್ಪಿಸುತ್ತದೆ ಎಂದು ಅರಿವಾಯಿತು. ಕೋಲಾರದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ರಾಜ್ಯ ಸರ್ಕಾರದ ಗಣಿ ಇಂದಿಗೂ ನಡೆಯುತ್ತಿದೆ. ಅಲ್ಲಿ ವರ್ಷಕ್ಕೆ ಸಿಗುವುದು ಒಂದೂವರೆ ಟನ್ನಿನ ಆಸುಪಾಸು. ದೇಶ ಆಮದು ಮಾಡಿಕೊಳ್ಳುವುದು ವರ್ಷಕ್ಕೆ ನೂರಾರು ಟನ್. ಬ್ಯಾಂಕಿನ ಮೂಲಕ ಬರುವ ಗಟ್ಟಿಯ ಮೇಲೆ ಶುದ್ಧೀಕರಣ ಘಟಕದ ಮುದ್ರೆ, ಕ್ರಮಸಂಖ್ಯೆ ಇರುತ್ತದೆ. ಲಂಡನ್ ಮಾರುಕಟ್ಟೆಯ ಅಂಗೀಕೃತ ಪಟ್ಟಿಯಲ್ಲಿರುವ ಘಟಕವಾದರೆ ಮೂಲದ ತಪಾಸಣೆಗೆ ಒಳಪಟ್ಟಿರುತ್ತದೆ. ಅದರಾಚೆಗೆ ನಮ್ಮ ಕೈ ಹೋಗುವುದಿಲ್ಲ. ಸಣ್ಣ ಗಣಿಗಾರಿಕೆಯಲ್ಲಿ ಪಾದರಸ ಬೆರೆಸಿ ಚಿನ್ನ ತೆಗೆಯುತ್ತಾರೆ. ಮನುಷ್ಯರು ಗಾಳಿಗೆ ಬಿಡುವ ಪಾದರಸದ ಅತಿ ದೊಡ್ಡ ಮೂಲವೇ ಅದು. ಅಂಥ ಚಿನ್ನವೂ ಮೂಸೆಗೆ ಬಿದ್ದ ಮೇಲೆ ಎಲ್ಲ ಚಿನ್ನದಂತೆಯೇ ಹಳದಿ. ಖರೀದಿಯನ್ನು ನಾವು ಅಂಗೀಕೃತ ಘಟಕಗಳ ಗಟ್ಟಿಗೆ ಸೀಮಿತಗೊಳಿಸಿದೆವು. ಗಟ್ಟಿಯ ಸಂಖ್ಯೆಯಿಂದ ಕಾರ್ಖಾನೆಗೆ ಹೋದ ತೂಕದವರೆಗೆ ಒಂದೇ ಪುಸ್ತಕ ಇಟ್ಟೆವು.

ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2022-23ರಿಂದ ಮೊದಲ 1,000 ಲಿಸ್ಟೆಡ್ ಕಂಪನಿಗಳಿಗೆ ಸುಸ್ಥಿರತೆಯ ವರದಿ ಕಡ್ಡಾಯ ಮಾಡಿದೆ. ನಮ್ಮದು ಷೇರುಪೇಟೆಯಲ್ಲಿಲ್ಲ. ಆದರೂ ಅದೇ ನಮೂನೆ ತೆಗೆದುಕೊಂಡು ತುಂಬಿದೆವು. ಚಿನ್ನದ ಮೂಲದ ಕಾಲಂನಲ್ಲಿ ತಿಳಿದಷ್ಟನ್ನು ಬರೆದು, ತಿಳಿಯದ ಕಡೆ "ಪತ್ತೆಯಾಗಿಲ್ಲ" ಎಂದೇ ಬರೆದೆ. ಅದಕ್ಕೇ ಹೆಚ್ಚು ವಿರೋಧ ಬಂತು. ಅಕ್ಷಯ ತೃತೀಯದ ಜಾಹೀರಾತಿಗೆ "ಶೇಕಡಾ 100 ಹಸಿರು ಚಿನ್ನ" ಎಂಬ ಸಾಲು ಸಿದ್ಧವಾಗಿತ್ತು. ಗ್ರಾಹಕರು ಬದಲಿಗೆ ಕೊಟ್ಟ ಹಳೆಯ ಚಿನ್ನವನ್ನು ಕರಗಿಸುತ್ತೇವಲ್ಲ, ಅದು ಮರುಬಳಕೆಯೇ ತಾನೇ ಎಂದು ಪ್ರಚಾರ ವಿಭಾಗದವರ ವಾದ. ನಮ್ಮ ಅಜ್ಜಿಯರು ಬಳೆ ಮುರಿಸಿ ಸೊಸೆಗೆ ಸರ ಮಾಡಿಸಿದ್ದು ಯಾವ ಹಸಿರಿಗೂ ಅಲ್ಲ. ಚಿನ್ನವನ್ನು ಯಾರು ತಾನೇ ಕಸಕ್ಕೆ ಎಸೆಯುತ್ತಾರೆ? ಯಾವಾಗಲೂ ನಡೆದುಬಂದದ್ದಕ್ಕೆ ಹೊಸ ಹೆಸರು ಕೊಟ್ಟು ಮಾರುವುದು ಗ್ರಾಹಕರಿಗೆ ಹೇಳುವ ಸುಳ್ಳು. ಆ ಸಾಲನ್ನು ತೆಗೆಸಿದೆ. ಕೆಲವು ತಿಂಗಳ ಮೇಲೆ, 2024ರ ಅಕ್ಟೋಬರ್‌ನಲ್ಲಿ, ಪರಿಸರದ ಹೆಸರಿನಲ್ಲಿ ದಾರಿತಪ್ಪಿಸುವ ಜಾಹೀರಾತುಗಳ ವಿರುದ್ಧ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಬಂತು. ಅಂದು ನನಗೆ ದೊಡ್ಡ ಬಲ ಬಂದಂತಾಯಿತು.

ಶೇಕಡಾ 2ರ ಹಣವನ್ನು ಈಗ ಚದುರಿಸುವುದಿಲ್ಲ. ಹಟ್ಟಿ ಇರುವುದು ಲಿಂಗಸುಗೂರು ತಾಲ್ಲೂಕಿನಲ್ಲಿ. ಹಿಂದುಳಿದವೆಂದು ಕೇಂದ್ರ ಗುರುತಿಸಿದ ಮಹತ್ವಾಕಾಂಕ್ಷೆಯ ಜಿಲ್ಲೆಗಳಲ್ಲಿ ರಾಯಚೂರೂ ಒಂದು. ನಮ್ಮ ನೆಲದ ಚಿನ್ನ ಬರುವ ತಾಲ್ಲೂಕು ಅದು, ಋಣ ಅಲ್ಲಿದೆ ಎಂದು ನನಗನ್ನಿಸಿತು. ಅಲ್ಲಿನ ಕೆಲವು ಸರ್ಕಾರಿ ಪ್ರೌಢಶಾಲೆಗಳನ್ನು ಆರಿಸಿಕೊಂಡು ಮೂರು ವರ್ಷದ ಯೋಜನೆ ಹಾಕಿದೆವು. ಹೆಣ್ಣುಮಕ್ಕಳಿಗೆ ಬಾಗಿಲು–ನೀರು ಇರುವ ಶೌಚಾಲಯ, ವಿಜ್ಞಾನದ ಪ್ರಯೋಗಾಲಯ, ಹತ್ತನೇ ತರಗತಿಗೆ ಸಂಜೆಯ ಪಾಠ. ಮಾರ್ಚ್ ಕೊನೆಗೆ ಹಣ ಉಳಿದರೆ ಹೇಗಾದರೂ ಮುಗಿಸಬೇಕೆಂಬ ಹಳೆಯ ಧಾವಂತವೂ ಈಗಿಲ್ಲ. ಮುಂದುವರಿಯುವ ಯೋಜನೆಯಾದರೆ ಉಳಿದ ಹಣವನ್ನು 30 ದಿನದೊಳಗೆ ಪ್ರತ್ಯೇಕ ಖಾತೆಗೆ ಹಾಕಿ ಮೂರು ವರ್ಷದೊಳಗೆ ಬಳಸಬಹುದು. ಮಕ್ಕಳ ಕೈಗೆ ನಮ್ಮ ಅಂಗಡಿಯ ಹೆಸರಿನ ಚೀಲ ಕೊಟ್ಟು ಫೋಟೊ ತೆಗೆಯುವುದನ್ನು ಪೂರ್ತಿ ನಿಲ್ಲಿಸಿದೆವು. ಕಳೆದ ಬಾರಿ ಹೋದಾಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಪ್ರಯೋಗಾಲಯದಲ್ಲಿ ತಾಮ್ರದ ತಂತಿಯನ್ನು ಜ್ವಾಲೆಗೆ ಹಿಡಿದು, ಹಸಿರು ಬಣ್ಣ ತೋರಿಸಿ, "ಮೇಡಂ, ಬಂಗಾರ ಹಿಡಿದರೆ ಯಾವ ಬಣ್ಣ ಬರುತ್ತದೆ?" ಎಂದು ಕೇಳಿದಳು. ಅವಳ ತಂದೆ ಗಣಿಯಲ್ಲಿ ಕೆಲಸ ಮಾಡುತ್ತಾರೆ. ಬಂಗಾರ ಅಷ್ಟು ಸುಲಭಕ್ಕೆ ಬಣ್ಣ ಬಿಡುವುದಿಲ್ಲಮ್ಮ ಎಂದೆ. ಅವಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಇಂದಿಗೆ ನನ್ನ ಪಟ್ಟಿಯಲ್ಲಿ 540 ಹೆಸರುಗಳಿವೆ. ಹೀರುಯಂತ್ರ ಇಲ್ಲದ ಕಾರ್ಖಾನೆಗಳು ಇನ್ನೂ ಒಂಬತ್ತು ಇವೆ. ಕಲ್ಲು ಕೂರಿಸುವವರ ಬಳಿ, ಕಲ್ಲು ಅರೆಯುವವರ ಬಳಿ ನಾನಿನ್ನೂ ಸರಿಯಾಗಿ ಹೋಗಿಲ್ಲ. ಪ್ರತಿ ತಂಡದ ಸರಕಿನಿಂದ ಐದು ಬೆಸುಗೆಗಳನ್ನು ಯಂತ್ರದಡಿ ನೋಡುವ ಪದ್ಧತಿ ಮುಂದುವರಿದಿದೆ. ಅದನ್ನು ನಾನೇ ಮಾಡುತ್ತೇನೆ, ಬೇರೆಯವರಿಗೆ ಬಿಟ್ಟಿಲ್ಲ. ಕಳೆದ ನವೆಂಬರಿನಲ್ಲಿ ಒಂದು ಸರದ ಕೊಂಡಿಯಲ್ಲಿ ಮತ್ತೆ ಆ ಗೆರೆ ಕಂಡಿತು, ಬೆಳ್ಳಿಯ ಬಲಕ್ಕೆ. ಸರ ಬಂದದ್ದು ದಾದಾ ಕಾರ್ಖಾನೆಯಿಂದಲೇ. ಫೋನ್ ಮಾಡಿದೆ. ದೀಪಾವಳಿಯ ಗಿರಾಕಿ ಹೆಚ್ಚಾಗಿ ಕೈ ಸಾಲದೆ ಒಂದಷ್ಟು ಕೊಂಡಿಗಳನ್ನು ಹೊರಗೆ ಮಾಡಿಸಿದೆ ಎಂದು ಅವರು ಒಪ್ಪಿಕೊಂಡರು. "ಹೊರಗೆ ಎಂದರೆ ಎಲ್ಲಿ ದಾದಾ?" ಎಂದೆ. ಒಂದು ಗಲ್ಲಿಯ ಹೆಸರು ಹೇಳಿದರು. ಆಮೇಲೆ ಮೆಲ್ಲಗೆ, "ಹತ್ತು ದಿನದಲ್ಲಿ ಬೇಕು ಎಂದವರು ನೀವೇ ಅಲ್ಲವೇ ದೀದಿ?" ಎಂದರು.

ಖರೀದಿ ವಿಭಾಗದಿಂದ ಆರ್ಡರ್ ತರಿಸಿ ನೋಡಿದೆ. ಹೌದು, ಹತ್ತೇ ದಿನ. ಈ ಬಾರಿ ಅಕ್ಷಯ ತೃತೀಯದ ಆರ್ಡರುಗಳು ಜನವರಿಯಲ್ಲೇ ಕಾರ್ಖಾನೆಗಳಿಗೆ ಹೋಗಬೇಕು ಎಂದು ಬರೆದ ಕಾಗದ ಯಜಮಾನರ ಮೇಜಿನ ಮೇಲಿದೆ. ಆ ಗಲ್ಲಿಗೆ ನಾನು ಮರುದಿನ ಬೆಳಿಗ್ಗೆಯೇ ಹೋದೆ. ಒಂದೇ ಕೋಣೆ, ನಾಲ್ಕು ಪೀಠ, ಮುಚ್ಚಿದ ಕಿಟಕಿ. ಹೊಸ ನೋಟ್‌ಬುಕ್ಕಿನ ಹಾಳೆ ತೆಗೆದು ನಾಲ್ವರ ಹೆಸರು ಬರೆದುಕೊಂಡೆ.